ಮುಳುಗಿದ ಪೋರ್ಟ್ ರಾಯಲ್‌ಗೆ ನೀರಡಿಯ ಕಾವಲುಗಾರ: ಕಾಮಿಕ್ಸ್ ಸ್ಕ್ರಿಪ್ಟ್‌ಗೆ ಖಚಿತ ವಿವರ ಬೇಕು

ಪುಟಗುರುತು:

ನಮಸ್ಕಾರ. 96 ಪುಟಗಳ ಕನ್ನಡ ಗ್ರಾಫಿಕ್ ಕಾದಂಬರಿಯೊಂದರ ಸ್ಕ್ರಿಪ್ಟ್‌ಗೆ ತಿಳಿದವರ ನೆರವು ಬೇಕು. ಕಥೆ ನಡೆಯುವುದು ಜಮೈಕಾದ ಪೋರ್ಟ್ ರಾಯಲ್‌ನಲ್ಲಿ. 1692ರ ಜೂನ್ 7ರ ಭೂಕಂಪದಲ್ಲಿ ಊರಿನ ಮೂರರಲ್ಲಿ ಎರಡು ಪಾಲು ಕಡಲಿಗೆ ಇಳಿದುಹೋಯಿತಲ್ಲ, ಅದರ ಮರುದಿನದಿಂದ ಕಥೆ ಶುರು. ನಾಯಕನಿಗೆ ಕಿವಿರು ಮೂಡಿದೆ, ನೀರಿನಲ್ಲಿ ಉಸಿರಾಡುತ್ತಾನೆ. ಮುಳುಗಿದ ಮನೆ, ಮಳಿಗೆ, ಗೋದಾಮುಗಳನ್ನು ಸೂರೆ ಹೊಡೆಯುವ ಸಂಘಟಿತ ಗ್ಯಾಂಗೊಂದನ್ನು ಅವನು ಎದುರಿಸಬೇಕು. ಕಿವಿರು ಹೇಗೆ ಬಂತು ಅನ್ನುವುದು ಕಲ್ಪನೆ, ಅದನ್ನು ಪ್ರಶ್ನಿಸುವುದು ಬೇಡ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ನಿಜದ ನಿಯಮಕ್ಕೆ ಒಳಪಟ್ಟಿರಬೇಕು ಅಂತ ತೀರ್ಮಾನಿಸಿದ್ದೇವೆ.

ಈಗ ಸಿಕ್ಕಿಕೊಂಡಿರುವುದು ಇಲ್ಲಿ: ಊರು ಎಷ್ಟು ಆಳದಲ್ಲಿತ್ತು, ನೀರಿನ ಕೆಳಗೆ ಏನು ಕಾಣುತ್ತಿತ್ತು? ಆ ಕಾಲದ ಗ್ಯಾಂಗು ಉಸಿರಾಟದ ಸಾಧನವಿಲ್ಲದೆ ಮಾಲು ಎತ್ತುವುದು ಹೇಗೆ? ಕಿವಿರಿರುವ ಮನುಷ್ಯನ ಶಕ್ತಿ ಎಲ್ಲಿ ಮುಗಿಯುತ್ತದೆ? ಎಲ್ಲಿಯೂ ಸೋಲದ ನಾಯಕನಿಂದ ಕಥೆ ಹುಟ್ಟುವುದಿಲ್ಲ. ಕೊನೆಯದಾಗಿ, ನೀರಿನೊಳಗಿನ ಮಾತು ಮತ್ತು ಸದ್ದನ್ನು ಕನ್ನಡ ಅಕ್ಷರದಲ್ಲಿ ಪುಟದ ಮೇಲೆ ತರುವುದು ಹೇಗೆ?

ಹಳೇನಕ್ಷೆ:

ಒಳ್ಳೆಯ ಜಾಗ ಆರಿಸಿದ್ದೀರಿ. ಮೊದಲು ನೆಲದ ವಿಷಯ. ಪೋರ್ಟ್ ರಾಯಲ್ ಇದ್ದದ್ದು ಪ್ಯಾಲಿಸೇಡೋಸ್ ಎನ್ನುವ ಉದ್ದನೆಯ ಮರಳು ನಾಲಿಗೆಯ ತುದಿಯಲ್ಲಿ. ಕೆಳಗೆ ಬಂಡೆಯಿಲ್ಲ, ನೀರು ಕುಡಿದ ಸಡಿಲ ಮರಳು. ಅದರ ಮೇಲೆ ಎರಡು ಮೂರು ಅಂತಸ್ತಿನ, ಕೆಲವು ಕಡೆ ನಾಲ್ಕಂತಸ್ತಿನ ಇಟ್ಟಿಗೆ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದರು. ಬೆಳಗ್ಗೆ 11:40ರ ಸುಮಾರಿಗೆ ನೆಲ ಅದುರಿದಾಗ ಮರಳಿನ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದನ್ನು ಬಿಟ್ಟವು. ಭಾರವೆಲ್ಲ ಕಣಗಳ ನಡುವಿನ ನೀರಿನ ಮೇಲೆ ಬಿತ್ತು, ನೆಲ ಗಂಜಿಯಾಯಿತು. ಅದುರು ನಿಂತ ಕೂಡಲೇ ಅದೇ ಮರಳು ಮತ್ತೆ ಬಿಗಿಯಿತು. ಜನ ಕುತ್ತಿಗೆಯವರೆಗೆ ಹೂತು ಹಾಗೇ ಸಿಕ್ಕಿಕೊಂಡರು ಎಂದು ಕಣ್ಣಾರೆ ಕಂಡವರು ಬರೆದಿರುವುದಕ್ಕೆ ಕಾರಣ ಇದೇ. ಈ ಬಿಗಿತವನ್ನು ದಯವಿಟ್ಟು ಒಂದು ಪ್ಯಾನೆಲ್‌ನಲ್ಲಾದರೂ ತೋರಿಸಿ. ಅಪ್ಪಳಿಸುವ ಅಲೆಗಿಂತ ಭಯಾನಕವಾದದ್ದು ಅದು.

ಸುಮಾರು 33 ಎಕರೆ ಊರು ಇಳಿದುಹೋಯಿತು. ಅಂದೇ ಸತ್ತವರು ಸುಮಾರು 2,000 ಜನ, ಮುಂದಿನ ವಾರಗಳಲ್ಲಿ ಜ್ವರ, ಗಾಯಗಳಿಂದ ಸತ್ತವರು ಅದಕ್ಕೂ ಕಡಿಮೆಯಿಲ್ಲ. ಆಳ ಮಾತ್ರ ನೀವು ಅಂದುಕೊಂಡಷ್ಟಿರಲಾರದು. ದಡದ ಹತ್ತಿರ ಒಂದಾಳು ಎರಡಾಳು, ಹೆಚ್ಚೆಂದರೆ 12 ಮೀಟರ್. ಮೊದಲ ದಿನಗಳಲ್ಲಿ ಮಾಳಿಗೆಗಳೂ ಹಡಗಿನ ಕೂವೆಗಳೂ ನೀರಿನ ಮೇಲೆ ಕಾಣುತ್ತಿದ್ದವು. ಕಗ್ಗತ್ತಲ ಪಾತಾಳವನ್ನು ಬಿಡಿಸಬೇಡಿ. ಹಗಲು ಹೊತ್ತು ಬೆಳಕು ಬೀಳುವ ಊರು ಅದು.

ಮನೆಗಳು ಎರಡು ಬಗೆಯಲ್ಲಿ ಹೋದವು. ಬಂದರಿನ ಅಂಚಿನ ಥೇಮ್ಸ್ ಬೀದಿ ಕಡೆಯದು ಜಾರಿ, ಮಗುಚಿ, ಚೂರಾಯಿತು. ಒಳಗಿನ ಲೈಮ್ ಬೀದಿ, ಕ್ವೀನ್ ಬೀದಿ ಕೂಡುವಲ್ಲಿ ಹಲವು ಮನೆಗಳು ನಿಂತ ನಿಲುವಿನಲ್ಲೇ ಕೆಳಗಿಳಿದವು. 1981ರಿಂದ 1990ರವರೆಗೆ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಅಲ್ಲಿ ಅಗೆದಾಗ ಹೆಣಿಗೆಯಂತೆ ಓರೆಯಾಗಿ ಹಾಸಿದ ಇಟ್ಟಿಗೆ ನೆಲ ಕದಲದೆ ಸಿಕ್ಕಿತು. ಒಂದೇ ಕಟ್ಟಡದಲ್ಲಿ ತಂಬಾಕು ಕೊಳವೆಯ ಅಂಗಡಿ, ಹೆಂಡದ ಮನೆ, ಚಮ್ಮಾರನೂ ಮರಗೆತ್ತನೆಯವನೂ ಇದ್ದ ಮಳಿಗೆ ಪಕ್ಕಪಕ್ಕದಲ್ಲಿದ್ದವು. ನಾಯಕನ ಅಡಗುತಾಣಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ಸಿಗದು. ಇನ್ನೊಂದು ಮನೆಯ ಗೋಡೆ ಒಡೆದು ಒಳನುಗ್ಗಿದ ಹಡಗಿನ ಅವಶೇಷವೂ ಅಲ್ಲಿದೆ. ಅದು ರಿಪೇರಿಗೆ ನಿಂತಿದ್ದ ಸ್ವಾನ್ ಎಂಬ ಯುದ್ಧನೌಕೆ ಇರಬಹುದು ಅನ್ನುವುದು ಬಲವಾದ ಊಹೆ. 1959ರಲ್ಲಿ ಶುರುವಾದ ಎಡ್ವಿನ್ ಲಿಂಕ್ ಅವರ ಶೋಧದಲ್ಲಿ ಸಿಕ್ಕ ಜೇಬು ಗಡಿಯಾರದ ಮುಳ್ಳುಗಳು ಎಕ್ಸ್‌ರೇಯಲ್ಲಿ 11:43 ತೋರಿಸಿದವು. ಪುಟ ಒಂದಕ್ಕೆ ಅದನ್ನಿಟ್ಟುಕೊಳ್ಳಿ.

ಇನ್ನು ಗ್ಯಾಂಗು. ಅಂದೇ ರಾತ್ರಿ ಲೂಟಿ ಶುರುವಾದದ್ದನ್ನು ಊರಿನ ಪಾದ್ರಿ ಇಮ್ಯಾನುಯೆಲ್ ಹೀತ್ ತನ್ನ ಪತ್ರದಲ್ಲಿ ದಾಖಲಿಸಿದ್ದಾನೆ. ಗವರ್ನರ್ ಅದೇ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದ, ಹೊಸಬ ಬಂದದ್ದು 1693ರಲ್ಲಿ. ನಡುವೆ ಆಡಳಿತ ಕೌನ್ಸಿಲಿನ ಕೈಯಲ್ಲಿ. ಈ ಖಾಲಿ ಜಾಗದಲ್ಲೇ ನಿಮ್ಮ ಖಳರು ಬೆಳೆಯಬೇಕು. ಆದರೆ ಒಂದು ವಿನಂತಿ. ಕಣ್ಣಿಗೆ ಪಟ್ಟಿ, ಭುಜಕ್ಕೆ ಗಿಳಿ ಇರುವ ಕಡಲ್ಗಳ್ಳನನ್ನು ತರಬೇಡಿ. ಹೆಸರಾಂತ ಕಡಲ ದಾಳಿಕಾರ ಹೆನ್ರಿ ಮಾರ್ಗನ್ 1688ರಲ್ಲೇ ಸತ್ತಿದ್ದ, ಅವನ ಗೋರಿಯೂ ಈ ಭೂಕಂಪದಲ್ಲಿ ಕಡಲು ಸೇರಿತು. 1692ರ ಪೋರ್ಟ್ ರಾಯಲ್ ನಡೆಯುತ್ತಿದ್ದದ್ದು ಸಕ್ಕರೆ, ಗುಲಾಮರು, ಸ್ಪೇನಿನ ಬೆಳ್ಳಿಯ ವ್ಯಾಪಾರದ ಮೇಲೆ. ಸಂಘಟಿತ ಅಪರಾಧ ಅಂದರೆ ಒಂದು ಸರಪಳಿ: ದೋಣಿಯವನು, ಮುಳುಗುವವನು, ಕದ್ದ ಮಾಲು ಕೊಳ್ಳುವವನು, ಬೆಳ್ಳಿ ಕರಗಿಸುವವನು, ಅದನ್ನು ಹೊರಗೆ ಸಾಗಿಸುವ ಹಡಗಿನ ಕಪ್ತಾನ, ಕಣ್ಮುಚ್ಚಿ ಕೂರುವ ಅಧಿಕಾರಿ.

ಕರಗಿಸುವವನೇ ಇಲ್ಲಿ ಮುಖ್ಯ, ಯಾಕೆಂದರೆ ಮಾಲಿನ ಮೇಲೆ ಗುರುತು ಇರುತ್ತದೆ. ಪ್ಯೂಟರ್ (ತವರದ ಮಿಶ್ರಲೋಹ) ತಟ್ಟೆಗಳ ಮೇಲೆ ಮಾಡಿದವನ ಮುದ್ರೆ ಹೊಡೆದಿರುತ್ತದೆ, ಒಡೆಯನ ಹೆಸರಿನ ಮೊದಲಕ್ಷರ ಕೊರೆದಿರುತ್ತದೆ. ಅದೇ ಊರಿನ ಸೈಮನ್ ಬೆನ್ನಿಂಗ್ ಎಂಬ ಪ್ಯೂಟರ್ ಕೆಲಸಗಾರನ ಮುದ್ರೆ ಅನಾನಸ್ ಹಣ್ಣು. ಅನಾನಸ್ ಮುದ್ರೆಯ ತಟ್ಟೆ ಯಾರ ಮನೆಯಿಂದ ಎದ್ದು ಯಾರ ಮೇಜಿಗೆ ಬಂತು ಅನ್ನುವುದರ ಜಾಡು ಹಿಡಿದು ನಾಯಕ ಸರಪಳಿಯ ತುದಿ ಮುಟ್ಟಬಹುದು.

ನೀರಾಳ:

ಮೂರನೇ ಪ್ರಶ್ನೆಗೆ ನನ್ನ ಉತ್ತರ. ಕಿವಿರನ್ನು ಒಪ್ಪಿಕೊಂಡು ಲೆಕ್ಕ ಹಾಕಿದರೆ ನಾಯಕನ ಬಲ, ದೌರ್ಬಲ್ಯ ಎರಡೂ ತಾವಾಗಿ ಹೊರಬರುತ್ತವೆ.

28 ಡಿಗ್ರಿಯ ಕಡಲ ನೀರಿನ ಒಂದು ಲೀಟರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 4.5 ಮಿಲಿ ಲೀಟರ್. ಅದೇ ಒಂದು ಲೀಟರ್ ಗಾಳಿಯಲ್ಲಿ 210. ಕಿವಿರು ಇದರಲ್ಲಿ ಶೇ. 80ರಷ್ಟನ್ನು ಹೀರುತ್ತದೆ ಅಂದುಕೊಳ್ಳಿ, 3.6 ಸಿಕ್ಕಿತು. ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ 250 ಮಿಲಿ ಲೀಟರ್ ಬೇಕು. ಹಾಗಾಗಿ ಕೂತಲ್ಲೇ ನಿಮಿಷಕ್ಕೆ 70 ಲೀಟರ್ ನೀರು ಕಿವಿರಿನ ಮೂಲಕ ಹಾಯಬೇಕು. ಜೋರಾಗಿ ಹೊಡೆದಾಡುವಾಗ ಹತ್ತು ಪಟ್ಟು, ಅಂದರೆ 700 ಲೀಟರ್. ಎದೆಯ ಸ್ನಾಯುವಿನಿಂದ ಇಷ್ಟು ನೀರು ಪಂಪ್ ಮಾಡಲಾಗದು. ಗೆದರೆ ಮೀನು ಇದಕ್ಕೆ ಕಂಡುಕೊಂಡ ದಾರಿ ಬಾಯಿ ತೆರೆದು ಓಡುತ್ತಲೇ ಇರುವುದು. 30 ಚದರ ಸೆಂಟಿಮೀಟರ್ ಬಾಯಿ ತೆರೆದು ಸೆಕೆಂಡಿಗೆ 4 ಮೀಟರ್ ಈಜಿದರೆ ನಿಮಿಷಕ್ಕೆ 720 ಲೀಟರ್ ಒಳಹೋಗುತ್ತದೆ. ಲೆಕ್ಕ ಸರಿಹೋಯಿತು. ನಾಯಕ ಓಡುವಾಗ ಬಲಶಾಲಿ. ಯಾರಾದರೂ ಹಿಡಿದು ನಿಲ್ಲಿಸಿದರೆ ಅರೆ ನಿಮಿಷದಲ್ಲಿ ಏದುಸಿರು. ಬಲೆ ಅವನಿಗೆ ಕತ್ತಿಗಿಂತ ಅಪಾಯ.

ಸೆಕೆಂಡಿಗೆ 4 ಮೀಟರ್ ಅನ್ನುವುದೂ ಪುಕ್ಕಟೆಯಲ್ಲ. ಒಳ್ಳೆಯ ಈಜುಗಾರನ ವೇಗ 2 ಮೀಟರ್. ನೀರಿನಲ್ಲಿ ವೇಗ ಇಮ್ಮಡಿಯಾದರೆ ಬೇಕಾಗುವ ಶಕ್ತಿ ಎಂಟು ಪಟ್ಟು. ಆ ಎಂಟು ಪಟ್ಟನ್ನು ನಿಮ್ಮ ಕಲ್ಪನೆಯ ಖಾತೆಗೆ ಹಾಕಿಕೊಳ್ಳಿ, ಆದರೆ ಅಲ್ಲಿಗೇ ನಿಲ್ಲಿಸಿ. ಹುಟ್ಟು ಹಾಕುವ ದೋಣಿಯನ್ನು ಹಿಂದಿಕ್ಕಲು ಅಷ್ಟು ಸಾಕು.

ಈಗ ದೊಡ್ಡ ದೌರ್ಬಲ್ಯ: ಸಕ್ಕರೆ. ಮುಳುಗಿದ ಗೋದಾಮುಗಳಲ್ಲಿ ಪೀಪಾಯಿಗಟ್ಟಲೆ ಸಕ್ಕರೆ, ಕಾಕಂಬಿ, ಹಿಟ್ಟು. ಪೀಪಾಯಿ ಒಡೆದು ಕರಗಿದ ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿನ್ನುವಾಗ ಪ್ರತಿ ಕಿಲೋ ಸಕ್ಕರೆಗೆ 1.1 ಕಿಲೋ ಆಮ್ಲಜನಕ ಖರ್ಚಾಗುತ್ತದೆ. 500 ಕಿಲೋ ಸಕ್ಕರೆಗೆ ಸುಮಾರು 560 ಕಿಲೋ. ಒಂದು ಘನ ಮೀಟರ್ ನೀರಿನಲ್ಲಿರುವುದು ಬರೀ 6.4 ಗ್ರಾಂ. ಭಾಗಿಸಿ ನೋಡಿ: 87,000 ಘನ ಮೀಟರಿಗೂ ಹೆಚ್ಚು ನೀರು ಉಸಿರು ಕಳೆದುಕೊಳ್ಳುತ್ತದೆ. 10 ಮೀಟರ್ ಆಳದ ಕಡೆ ಅದು ಎರಡು ಎಕರೆಗೂ ಮಿಕ್ಕ ಜಾಗ. ಬಯಲಿನಲ್ಲಿ ಅಲೆ, ಗಾಳಿಯಿಂದ ಹೊಸ ಆಮ್ಲಜನಕ ಬೆರೆಯುತ್ತದೆ, ಹಾಗಾಗಿ ಅಷ್ಟು ಕೆಡುವುದಿಲ್ಲ. ಮುಚ್ಚಿದ ನೆಲಮಾಳಿಗೆಯಲ್ಲಿ ಬೆರೆಯುವುದಿಲ್ಲ. ಭೂಕಂಪವಾಗಿ ಎರಡು ಮೂರು ದಿನಕ್ಕೆ ಸಕ್ಕರೆ ಗೋದಾಮಿನ ಒಳಭಾಗ ಸತ್ತ ನೀರು. ಕಣ್ಣಿಗೆ ಏನೂ ಗೊತ್ತಾಗದು, ಹೊಸ್ತಿಲು ದಾಟಿದ ನಾಯಕನಿಗೆ ತಲೆ ಸುತ್ತುತ್ತದೆ. ಉಸಿರು ಹಿಡಿದು ಬಂದ ಕಳ್ಳನಿಗೆ ಅಲ್ಲಿ ಏನೂ ಆಗುವುದಿಲ್ಲ, ಅವನು ಗಾಳಿಯನ್ನು ಎದೆಯಲ್ಲೇ ತಂದಿರುತ್ತಾನೆ. ಆ ಊರನ್ನು ಸಿರಿವಂತ ಮಾಡಿದ ಸಕ್ಕರೆಯೇ ಅದನ್ನು ಕಾಯುವವನ ವಿಷವಾಗುತ್ತದೆ. ಇದನ್ನು ಕೈಬಿಡಬೇಡಿ.

ದೇಹದ ಶಾಖವೂ ಲೆಕ್ಕಕ್ಕೆ ಬರುತ್ತದೆ. ಅಷ್ಟು ನೀರು ರಕ್ತದ ಪಕ್ಕದಲ್ಲೇ ಹಾದರೆ ಮೈ 28 ಡಿಗ್ರಿಗೆ ಇಳಿಯುತ್ತದೆ, ಬುದ್ಧಿ ಮಂಕಾಗುತ್ತದೆ. ಗೆದರೆಯಂತೆ ಬಿಸಿ ರಕ್ತದ ನಾಳವೂ ತಣ್ಣನೆ ರಕ್ತದ ನಾಳವೂ ಅಂಟಿಕೊಂಡು ಎದುರು ದಿಕ್ಕಿನಲ್ಲಿ ಹರಿಯುವ ಜಾಲವೊಂದು ಅವನಿಗೂ ಇದೆ ಅಂತ ಒಂದು ಸಾಲು ಹಾಕಿ ಮುಂದೆ ಹೋಗಿ.

ಕಣ್ಣು ಅವನ ನಿಜವಾದ ಆಯುಧ. ಕಣ್ಣಿನ ಬೆಳಕು ಬಾಗಿಸುವ ಶಕ್ತಿಯ ಮೂರರಲ್ಲಿ ಎರಡು ಪಾಲು ಇರುವುದು ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಲ್ಲಿ. ನೀರು ತಾಗಿದರೆ ಅದು ಹೆಚ್ಚುಕಡಿಮೆ ಸೊನ್ನೆ. ಮುಖವಾಡವಿಲ್ಲದೆ ಇಳಿದ ಗ್ಯಾಂಗಿನವರಿಗೆ ಎದುರಿಗಿರುವುದು ಮನುಷ್ಯನೋ ಕಂಬವೋ ತಿಳಿಯದು. ಅಂಡಮಾನ್ ಸಮುದ್ರದ ಮೊಕೆನ್ ಮಕ್ಕಳು ಪಾಪೆಯನ್ನು ಚಿಕ್ಕದು ಮಾಡಿಕೊಂಡು ನೀರಿನಲ್ಲಿ ಬೇರೆ ಮಕ್ಕಳಿಗಿಂತ ಎರಡು ಪಟ್ಟು ಸ್ಪಷ್ಟವಾಗಿ ನೋಡುತ್ತಾರೆ, ಅಭ್ಯಾಸದಿಂದ ಅದು ಬರುತ್ತದೆ ಎಂದು ಸಂಶೋಧನೆ ತೋರಿಸಿದೆ. ನಾಯಕನಿಗೆ ಅದರ ಹೆಚ್ಚಿನ ರೂಪ ಕೊಡಿ.

ಸದ್ದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ 343. ಎರಡು ಕಿವಿಗೂ ಹೆಚ್ಚುಕಡಿಮೆ ಒಮ್ಮೆಗೇ ತಲುಪುವುದರಿಂದ ದಿಕ್ಕು ತಪ್ಪುತ್ತದೆ. ಹಾರೆ ಇಟ್ಟಿಗೆಗೆ ಬಿದ್ದ ಸದ್ದು ದೂರದವರೆಗೂ ಕೇಳುತ್ತದೆ, ಎಲ್ಲಿಂದ ಅನ್ನುವುದು ಮಾತ್ರ ತಿಳಿಯದು. ನೀರಿನ ಅಲುಗಾಟ ತಿಳಿಯಲು ಮೀನಿನ ಮೈಪಕ್ಕದಲ್ಲಿರುವ ಪಾರ್ಶ್ವರೇಖೆ ಅವನಿಗಿದ್ದರೂ ಅದು ಕೆಲಸ ಮಾಡುವುದು ಹತ್ತಿರದ ಅಲುಗಾಟಕ್ಕೆ ಮಾತ್ರ. ಹಾಗಾಗಿ ಅವನು ಕಳ್ಳರನ್ನು ಹುಡುಕಿಯೇ ಹಿಡಿಯಬೇಕು.

ಗುಂಡಿಗೆ ಹೆದರಬೇಕಿಲ್ಲ. ಅಂದಿನ ಕೋವಿ ನೀರಿನೊಳಗೆ ಹೊತ್ತುವುದೇ ಇಲ್ಲ. ದೋಣಿಯಿಂದ ನೇರ ಕೆಳಕ್ಕೆ ಹೊಡೆದ ಸೀಸದ ಗುಂಡು ಎರಡು ಮೀಟರ್ ಇಳಿಯುವಷ್ಟರಲ್ಲಿ ವೇಗ ಹತ್ತರಲ್ಲೊಂದು ಪಾಲಿಗೂ ಕಡಿಮೆ. ತೀರಾ ಓರೆಯಾಗಿ ಹೊಡೆದರೆ ನೀರಿನ ಮೇಲೇ ಚಿಮ್ಮಿ ಹೋಗುತ್ತದೆ. ಉದ್ದನೆಯ ಭರ್ಜಿ, ಬಲೆ, ಕೊಕ್ಕೆ ಹಗ್ಗ ಇವೇ ಅವನ ಶತ್ರುಗಳು.

ಪುಟಗುರುತು:

ಸಕ್ಕರೆಯ ವಿಷಯ ಓದಿ ಇಡೀ ಎರಡನೇ ಭಾಗ ಬದಲಾಗುತ್ತಿದೆ, ಧನ್ಯವಾದ. ಖಳರು ಡೈವಿಂಗ್ ಬೆಲ್, ಅಂದರೆ ಒಳಗೆ ಗಾಳಿ ಹಿಡಿದುಕೊಂಡು ನೀರಿಗಿಳಿಯುವ ತಳ ತೆರೆದ ಗಂಟೆ, ಬಳಸಬಹುದೇ? ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿಯ ಗಂಟೆ 1691ರದ್ದಲ್ಲವೇ? ಕಾಲ ಹೊಂದುತ್ತದೆ ಅನ್ನಿಸುತ್ತದೆ.

ದೋಣಿಹಗ್ಗ:

ಕಾಲ ಹೊಂದುತ್ತದೆ, ಖರ್ಚು ಹೊಂದಿಸಬೇಕು. ಮೊದಲು ಗಂಟೆಯಿಲ್ಲದ ಕೆಲಸ ಹೇಳುತ್ತೇನೆ, ಯಾಕೆಂದರೆ ಆ ಕಾಲದ ಹೆಚ್ಚಿನ ಎತ್ತುವಳಿ ನಡೆದದ್ದು ಉಸಿರು ಹಿಡಿದೇ. 1687ರಲ್ಲಿ ವಿಲಿಯಂ ಫಿಪ್ಸ್ ಹಿಸ್ಪಾನಿಯೋಲಾದ ಉತ್ತರಕ್ಕೆ ಮುಳುಗಿದ್ದ ಸ್ಪೇನಿನ ಹಡಗಿನಿಂದ ಟನ್ನುಗಟ್ಟಲೆ ಬೆಳ್ಳಿ ಎತ್ತಿದ್ದು ಮುಳುಗುಗಾರರಿಂದ. ಕೆರಿಬಿಯನ್‌ನಲ್ಲಿ ಈ ಕೆಲಸಕ್ಕೆ ಇಳಿಯುತ್ತಿದ್ದವರಲ್ಲಿ ಬಹಳಷ್ಟು ಮಂದಿ ಗುಲಾಮರು.

ಒಬ್ಬ ಕಲ್ಲು ಹಿಡಿದು 8 ಮೀಟರಿಗೆ ಇಳಿಯುತ್ತಾನೆ, ಒಟ್ಟು ಒಂದು ಒಂದೂವರೆ ನಿಮಿಷ, ಕೆಳಗೆ ಕೈಗೆ ಸಿಗುವ ಸಮಯ 40 ಸೆಕೆಂಡು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಪೆಟ್ಟಿಗೆಯ ಹಿಡಿಗೆ ಹಗ್ಗ ಬಿಗಿಯಬಹುದು, ಪೆಟ್ಟಿಗೆ ಒಡೆಯಲಾಗದು. ಸ್ಪೇನಿನ ಎಂಟು ರಿಯಾಲ್ ನಾಣ್ಯದ ತೂಕ 27 ಗ್ರಾಂ. ಸಾವಿರ ನಾಣ್ಯ 27 ಕಿಲೋ, ನೀರಿನಲ್ಲಿ ಇಪ್ಪತ್ನಾಲ್ಕೂವರೆ. ಇಷ್ಟನ್ನು ಈಜಿಕೊಂಡು ಮೇಲೆ ತರಲಾಗದು, ದೋಣಿಯ ರಾಟೆಯಿಂದಲೇ ಎಳೆಯಬೇಕು. ಉಬ್ಬರವಿಳಿತ ಅಲ್ಲಿ ಅರ್ಧ ಮೀಟರಿಗೂ ಕಡಿಮೆ, ನೀರು ಇಳಿಯಲೆಂದು ಕಾಯುವುದರಲ್ಲಿ ಅರ್ಥವಿಲ್ಲ. ಹಗಲೇರಿದಂತೆ ಕಡಲಗಾಳಿ ಬಲವಾಗಿ ಬೀಸಿ ನೀರು ಕುದಿಯುವುದರಿಂದ ಕೆಲಸವೆಲ್ಲ ಬೆಳಗಿನ ಜಾವದಿಂದ ಹತ್ತು ಗಂಟೆಯೊಳಗೆ.

ಇಲ್ಲಿ ಸಾಯುವುದು ಹೀಗೆ. ಹೆಚ್ಚು ಹೊತ್ತು ನಿಲ್ಲಲೆಂದು ಮುಳುಗುಗಾರ ಮೊದಲು ಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದು ಬಿಡುತ್ತಾನೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಉಸಿರಾಡಬೇಕೆಂಬ ತುಡಿತ ತಡವಾಗಿ ಬರುತ್ತದೆ. ಕೆಳಗೆ ಒತ್ತಡವಿರುವವರೆಗೆ ಉಳಿದ ಆಮ್ಲಜನಕ ಮಿದುಳಿಗೆ ಸಾಲುತ್ತದೆ. ಮೇಲೇರುವಾಗ ಒತ್ತಡ ಇಳಿದು, ಕೊನೆಯ ಎರಡು ಮೂರು ಮೀಟರಿನಲ್ಲಿ ಪ್ರಜ್ಞೆ ಹೋಗುತ್ತದೆ. ದೋಣಿ ಕಣ್ಣೆದುರಿಗಿರುವಾಗಲೇ ಸದ್ದಿಲ್ಲದೆ ಮತ್ತೆ ಕೆಳಗಿಳಿಯುತ್ತಾನೆ. ನಿಮ್ಮ ನಾಯಕ ಮೊದಲ ಬಾರಿ ಕಾಣಿಸಿಕೊಳ್ಳಬೇಕಾದ್ದು ಅಲ್ಲಿ ಅಂತ ನನಗನ್ನಿಸುತ್ತದೆ. ಕಳ್ಳನನ್ನು ಹೊಡೆಯಲು ಬಂದವನು ಅವನನ್ನು ಎತ್ತಿ ದೋಣಿಯಂಚಿಗೆ ತಲುಪಿಸಬೇಕು. ಒತ್ತಾಯಕ್ಕೆ ಇಳಿದ ಆ ಮನುಷ್ಯನೂ ಇವನು ಕಾಯಬೇಕಾದವರಲ್ಲಿ ಒಬ್ಬ. ಶತ್ರು ಇರುವುದು ದೋಣಿಯ ಮೇಲೆ, ಅದಕ್ಕೂ ಮೇಲೆ ದಡದಲ್ಲಿ.

ಈಗ ಗಂಟೆ. ಹ್ಯಾಲಿಯದು ಸೀಸ ಹೊದಿಸಿದ ಮರದ ಗಂಟೆ, ಒಳಜಾಗ ಸುಮಾರು 60 ಘನ ಅಡಿ, ಅಂದರೆ 1,700 ಲೀಟರ್. ಭಾರ ಕಟ್ಟಿದ ಪೀಪಾಯಿಗಳಲ್ಲಿ ಗಾಳಿ ಇಳಿಸಿ ಚರ್ಮದ ಕೊಳವೆಯಿಂದ ಒಳಗೆ ಬಿಡುವ ಏರ್ಪಾಡು. ಮುಳುಗಬೇಕಾದರೆ ಗಂಟೆಯ ಒಟ್ಟು ತೂಕ 1,700 ಕಿಲೋ ಮೀರಬೇಕು. ಅದನ್ನು ಗಾಳಿಯಲ್ಲಿ ಎತ್ತಿ ಹೊರಚಾಚಲು ಸಣ್ಣ ದೋಣಿ ಸಾಲದು, ಹಡಗಿನ ಅಡ್ಡಮರವೂ ದಪ್ಪ ಹಗ್ಗದ ರಾಟೆಗಳೂ ಬೇಕು. ದಡದಿಂದ ಎಲ್ಲರಿಗೂ ಕಾಣುತ್ತದೆ. ಹಾಡಹಗಲೇ ಇದನ್ನು ನಡೆಸುವ ಗ್ಯಾಂಗಿಗೆ ಮೇಲಿನವರ ರಕ್ಷಣೆ ಇದೆ ಅಂತಲೇ ಅರ್ಥ. ಹಳೇನಕ್ಷೆ ಅವರು ಹೇಳಿದ ಕಣ್ಮುಚ್ಚಿದ ಅಧಿಕಾರಿಯನ್ನು ಬಯಲಿಗೆಳೆಯಲು ಗಂಟೆಯೇ ಸಾಕ್ಷಿ.

9 ಮೀಟರಿಗೆ ಇಳಿಸಿದಾಗ ಒತ್ತಡ 1.9 ಪಟ್ಟು, ಗಾಳಿ ಕುಗ್ಗಿ ಗಂಟೆಯ ಅರ್ಧಕ್ಕೆ ನೀರು ಏರುತ್ತದೆ. ಮತ್ತೆ ತುಂಬಲು, ಮೇಲ್ಮೈಯ ಗಾಳಿಯ ಅಳತೆಯಲ್ಲಿ, 1,530 ಲೀಟರ್ ಬೇಕು. 150 ಲೀಟರಿನ ಪೀಪಾಯಿಯಾದರೆ ಹತ್ತು. ಪೀಪಾಯಿಯ ಬಾಯಿ ಕೆಳಗೆ ತೆರೆದೇ ಇರಬೇಕು. ಮುಚ್ಚಿ ಇಳಿಸಿದರೆ ಅರ್ಧ ಮೀಟರ್ ಅಗಲದ ಮುಚ್ಚಳದ ಮೇಲೆ ಸುಮಾರು 1,800 ಕಿಲೋ ಭಾರ ಬಿದ್ದು ಒಳಕ್ಕೆ ಕುಸಿಯುತ್ತದೆ. ಒಳಗೆ ಮೂವರಿದ್ದು ಹಗುರ ಕೆಲಸ ಮಾಡಿದರೆ ನಿಮಿಷಕ್ಕೆ ಒಟ್ಟು ಒಂದೂವರೆ ಲೀಟರ್ ಡೈಆಕ್ಸೈಡ್ ಬಿಡುತ್ತಾರೆ. ಅದು 85 ಲೀಟರ್ ಮುಟ್ಟಿದರೆ ತಲೆಸಿಡಿತ, ಏದುಸಿರು, ಗಾಬರಿ. ಹೆಚ್ಚೆಂದರೆ 55 ನಿಮಿಷ. ಹಾರೆ ಬೀಸಿ ಗೋಡೆ ಒಡೆದರೆ ಅರ್ಧ ಗಂಟೆಯೂ ಇಲ್ಲ. ಮೇಲಿನ ನಲ್ಲಿಯಿಂದ ಕೆಟ್ಟ ಗಾಳಿ ಬಿಟ್ಟು ಹೊಸದನ್ನು ತುಂಬುತ್ತಲೇ ಇರಬೇಕು.

ಗಂಟೆಯೊಳಗಿನ ಗಾಳಿಯನ್ನು ಉಸಿರಾಡಿದವನು ಉಸಿರು ಹಿಡಿದು ಮೇಲಕ್ಕೆ ಬರಬಾರದು. ದೋಣಿಯಿಂದ ಉಸಿರು ಹಿಡಿದು ಇಳಿದವನಿಗೆ ಹಿಡಿದೇ ಮೇಲೆ ಬರುವುದು ಅಭ್ಯಾಸ. ಆದರೆ ಗಂಟೆಯಲ್ಲಿ 9 ಮೀಟರ್ ಕೆಳಗೆ ಎದೆ ತುಂಬಿಕೊಂಡ 5 ಲೀಟರ್ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಒಂಬತ್ತೂವರೆ ಲೀಟರ್ ಆಗುತ್ತದೆ. ಶ್ವಾಸಕೋಶ ಹರಿದು ಗಾಳಿ ರಕ್ತಕ್ಕೆ ಸೇರಿ ಮಿದುಳಿಗೆ ಹೋಗುತ್ತದೆ. ಚೆನ್ನಾಗಿ ಈಜುವವನೇ ದಡ ಸೇರಿ ಎರಡು ನಿಮಿಷಕ್ಕೆ ಕುಸಿಯುತ್ತಾನೆ. ಗ್ಯಾಂಗಿಗೆ ಕಾರಣ ತಿಳಿಯದು, ಮುಳುಗಿದ ಊರಿನ ಶಾಪ ಅಂದುಕೊಳ್ಳುತ್ತಾರೆ. ನಾಯಕನಿಗೆ ತಿಳಿದಿದ್ದರೆ ಅವನು ಆ ಮುಳುಗುಗಾರರಿಗೆ ಬಾಯಿ ತೆರೆದು ಗುಳ್ಳೆ ಬಿಡುತ್ತಾ ಏರುವುದನ್ನು ಕಲಿಸಬಲ್ಲ. ಅವರು ಅವನ ಕಡೆಗೆ ತಿರುಗಲು ಇಷ್ಟು ಸಾಕು.

ಹೊಡೆದಾಟದ ದೃಶ್ಯಕ್ಕೆ ಒಂದು ಉಪಾಯ. ಹಗ್ಗ ಕತ್ತರಿಸುವುದನ್ನು ಬಿಟ್ಟುಬಿಡಿ, ಅದನ್ನು ಹಿಡಿದೇ ಕೆಳಗಿನವನು ಹೊರಗೆ ಬರಬೇಕು. ಅದರ ಬದಲು ಮಾಲಿಗೆ ಕಟ್ಟಿದ ಕೊಕ್ಕೆಯನ್ನು ಬಿಚ್ಚಿ ಒಂದು ಟನ್ನಿನ ಕಬ್ಬಿಣದ ಫಿರಂಗಿಗೆ ಸಿಕ್ಕಿಸಲಿ. ನೀರಿನಲ್ಲೂ ಅದು 860 ಕಿಲೋ ತೂಗುತ್ತದೆ. ಮೇಲೆ ಪೆಟ್ಟಿಗೆ ಬಂತೆಂದು ನಾಲ್ವರು ರಾಟೆ ಎಳೆದರೆ ದೋಣಿ ಆ ಬದಿಗೆ ಮಗುಚುತ್ತದೆ.

ಆಧುನಿಕ ಖಳರ ರೀತಿ ತಿಳಿಯಬೇಕಿದ್ದರೆ ಜಾವಾ ಸಮುದ್ರದ ಪ್ರಕರಣ ನೋಡಿ. ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಡಚ್ ಯುದ್ಧನೌಕೆಗಳು ಇದ್ದ ಜಾಗದಲ್ಲಿ ಇಲ್ಲವೆಂದು 2016ರಲ್ಲಿ ಗೊತ್ತಾಯಿತು. ಲೋಹಕ್ಕಾಗಿ ಹಡಗಿಗೆ ಹಡಗನ್ನೇ ಎತ್ತಿದ್ದರು, ಸೈನಿಕರ ಸಮಾಧಿ ಎಂಬ ಎಣಿಕೆಯೂ ಇಲ್ಲದೆ.

ಗೆರೆಬಣ್ಣ:

ಚಿತ್ರದ ಕಡೆಯಿಂದ ಕೆಲವು ಮಾತು.

ಬಗ್ಗಡ ನೀರು ತಿಳಿಯಾಗುವುದಕ್ಕೆ ಒಂದು ಲೆಕ್ಕವಿದೆ, ಬಣ್ಣದ ಯೋಜನೆಯನ್ನು ಅದರ ಮೇಲೆ ಕಟ್ಟಬಹುದು. 0.1 ಮಿ.ಮೀ. ಮರಳು 10 ಮೀಟರ್ ಇಳಿಯಲು ಸುಮಾರು 20 ನಿಮಿಷ. 0.01 ಮಿ.ಮೀ. ಮೆಕ್ಕಲಿಗೆ ಸುಮಾರು 30 ಗಂಟೆ. 0.002 ಮಿ.ಮೀ. ಜೇಡಿಗೆ ನಿಂತ ನೀರಿನಲ್ಲೇ ಒಂದು ತಿಂಗಳು. ಮೊದಲ ದಿನ ಕಾಫಿ ಬಣ್ಣ, ಮೂರನೇ ದಿನಕ್ಕೆ ಹಸಿರು ಮಬ್ಬು, ತಿಂಗಳ ಹೊತ್ತಿಗೆ ನೀಲಿ. ಭೂಕಂಪದ ನಂತರದ ಅದುರುಗಳು ವಾರಗಟ್ಟಲೆ ಇದ್ದವು, ಪ್ರತಿ ಅದುರಿಗೂ ಮತ್ತೆ ರಾಡಿ. ಮನೆಯೊಳಗೆ ಒಮ್ಮೆ ಕಾಲು ಬಡಿದರೂ ಹೂಳೆದ್ದು ಕೈ ಕಾಣುವುದಿಲ್ಲ, ಆದ್ದರಿಂದ ನಾಯಕ ಒಳಗೆ ಈಜಬಾರದು. ಗೋಡೆ, ತೊಲೆ ಹಿಡಿದು ಕೈಯಿಂದ ತೆವಳುತ್ತಾ ಸಾಗಬೇಕು.

ಕೆಂಪು ಬಣ್ಣ ಐದಾರು ಮೀಟರಿನೊಳಗೆ ಸತ್ತುಹೋಗುತ್ತದೆ. 9 ಮೀಟರಿನಲ್ಲಿ ರಕ್ತ ಹಸಿರುಗಪ್ಪು, ಇಟ್ಟಿಗೆ ಬೂದು. ಅದೇ ಇಟ್ಟಿಗೆ ದೋಣಿಗೆ ಬಂದ ಕ್ಷಣ ಕೆಂಪಾಗುವುದನ್ನು ಒಂದು ಪ್ಯಾನೆಲ್‌ನಲ್ಲಿ ತೋರಿಸಿ, ಓದುಗರಿಗೆ ನಿಯಮ ತಾನಾಗಿ ತಿಳಿಯುತ್ತದೆ. ಮೊದಲ ವಾರದಲ್ಲಿ ಹವಳ ಬಿಡಿಸಬೇಡಿ. ಪಾಚಿಯ ತೆಳು ಪೊರೆ ಸಾಕು. ಚಿಪ್ಪಿನ ಜೀವಿಗಳು ಅಂಟಲು ವಾರಗಳು ಬೇಕು, ಹವಳಕ್ಕೆ ವರ್ಷಗಳು. ಬೆಳ್ಳಿಯೂ ಆಗಲೇ ಕಪ್ಪಗಾಗಿರುವುದಿಲ್ಲ. ಹೆಣಗಳು ಆ ಬಿಸಿ ನೀರಿನಲ್ಲಿ ಎರಡರಿಂದ ನಾಲ್ಕು ದಿನಕ್ಕೆ ಮೇಲೇಳುತ್ತವೆ. ಆ ಪುಟವನ್ನು ಕೆಳಗಿನಿಂದ, ಬೆಳಕಿಗೆ ಎದುರಾಗಿ, ನೆರಳಿನಂತೆ ಮಾತ್ರ ಬಿಡಿಸಿ. ಬೆಳಕು ನೀರಿಗೆ ಬೀಳುವುದನ್ನು ಕಣ್ಣಿಂದ ನೋಡಿ ಗೀಚಬೇಕಿದ್ದರೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ.

ಮಾತಿನ ಬಲೂನು: ನೀರಿನೊಳಗೆ ಮನುಷ್ಯರ ಮಾತು ಅರ್ಥವಾಗುವುದಿಲ್ಲ, ಹಾಗಾಗಿ ನೀರಿನ ಪುಟಗಳಲ್ಲಿ ಬಲೂನೇ ಬೇಡ. ಕೈಸನ್ನೆ, ಹಗ್ಗದ ಎಳೆತ ಸಾಕು. ಒಂದು ಎಳೆತ ‘ಸರಿ’, ಎರಡು ‘ಹಗ್ಗ ಬಿಡು’, ನಾಲ್ಕು ‘ಎತ್ತು’ ಅಂತ ಮೊದಲ ಅಧ್ಯಾಯದಲ್ಲೇ ಕಲಿಸಿಬಿಡಿ. ನಂತರ ಹಗ್ಗ ಮೂರು ಸಲ ಅಲುಗಿದರೆ ಓದುಗನೇ ಬೆಚ್ಚುತ್ತಾನೆ.

ಉಷ್ಣವಲಯದ ಬಂದರಿನ ನೀರು ನಿಶ್ಶಬ್ದವಲ್ಲ. ಚಿಟಿಕೆ ಸಿಗಡಿಗಳು ಹಗಲೂ ಇರುಳೂ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿರುತ್ತವೆ. ಪ್ಯಾನೆಲ್ ಹಿನ್ನೆಲೆಯಲ್ಲಿ ತಿಳಿಬಣ್ಣದಲ್ಲಿ ‘ಚಿಟ್ ಚಿಟ ಚಿಟ್’ ಹರಡಿ. ಸಕ್ಕರೆ ಗೋದಾಮಿನ ಸತ್ತ ನೀರಿನಲ್ಲಿ ಅದು ನಿಲ್ಲಲಿ. ಅಪಾಯ ಅಂತ ಬೇರೆ ಹೇಳಬೇಕಿಲ್ಲ.

ಅಕ್ಷರ ಜೋಡಣೆಯಲ್ಲಿ ಕೆಡುವುದು ಒತ್ತಕ್ಷರ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಕನ್ನಡ ಯೂನಿಕೋಡ್ ಹಾಕಿದಾಗ ‘ಕಪ್ತಾನ’ದ ತಾವತ್ತು ಬೇರೆಯಾಗಿ ಬಿದ್ದರೆ, ಟೈಪ್ ಪ್ರಿಫರೆನ್ಸ್‌ನಲ್ಲಿ ಪಠ್ಯದ ಎಂಜಿನ್ನನ್ನು ದಕ್ಷಿಣ ಏಷ್ಯಾ ಭಾಷೆಗಳದಕ್ಕೆ ಬದಲಿಸಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ. ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ. ಫಾಂಟ್‌ಗೆ ಬಲೂ ತಮ್ಮ ಚೆನ್ನಾಗಿ ಹೊಂದುತ್ತದೆ, ದುಂಡಗೆ, ದಪ್ಪಗೆ ಇದೆ. ಸಾಲುಗಳ ಅಂತರ ಅಕ್ಷರ ಗಾತ್ರದ ಒಂದೂವರೆ ಪಟ್ಟು ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಕನ್ನಡದ ಪದ ಉದ್ದ, ಬಲೂನನ್ನು ಅಗಲವಾಗಿ ಬಿಡಿಸಿ, ಪದ ಒಡೆಯಬೇಡಿ. ಗೆರೆಯ ಫೈಲ್ 600 ಡಿಪಿಐ, ಬಣ್ಣದ್ದು 300.

ಪುಟಗುರುತು:

ಒಂದೇ ಒಂದು ಉಳಿದಿದೆ. ಕೊನೆಯ ಕಾಳಗವನ್ನು ಸಕ್ಕರೆ ಗೋದಾಮಿನೊಳಗೇ ಇಡಬೇಕೆಂದಿದ್ದೇವೆ. ಸತ್ತ ನೀರಿನಲ್ಲಿ ನಾಯಕ ಎಷ್ಟು ಹೊತ್ತು ಉಳಿದಾನು? ಅಲ್ಲಿಂದ ಅವನು ಗೆದ್ದು ಬರುವ ದಾರಿ ಇದೆಯೇ?

ನೀರಾಳ:

ಮೈಯಲ್ಲಿ ಉಳಿದಿರುವುದು ರಕ್ತ, ಸ್ನಾಯುಗಳಲ್ಲಿನ ಸುಮಾರು ಒಂದು ಲೀಟರ್ ಆಮ್ಲಜನಕ. ಅದರಲ್ಲಿ ಅರ್ಧ ಬಳಸಬಹುದು ಅಂದುಕೊಂಡರೆ, ನಿಶ್ಚಲವಾಗಿದ್ದರೆ ಎರಡು ನಿಮಿಷ, ಹೊಡೆದಾಡಿದರೆ 12 ಸೆಕೆಂಡು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಸತ್ತ ನೀರು ಕಿವಿರಿನ ಮೇಲೆ ಹಾಯುತ್ತಿದ್ದರೆ ರಕ್ತದ ಆಮ್ಲಜನಕ ತಿರುಗಿ ನೀರಿಗೇ ಸೋರುತ್ತದೆ. ಆದ್ದರಿಂದ ಒಳಗೆ ಹೋಗುವ ಮೊದಲು ಅವನು ಕಿವಿರನ್ನು ಬಿಗಿಯಾಗಿ ಮುಚ್ಚಬೇಕು, ಮುಳುಗುಗಾರ ಮೂಗು ಹಿಡಿದಂತೆ.

ಗೆಲ್ಲುವ ದಾರಿ ಚಾವಣಿಯಲ್ಲಿದೆ. ಹುದುಗುವ ಸಕ್ಕರೆಯಿಂದ ಏಳುವ ಗಾಳಿ ಮಾಳಿಗೆ ಹಲಗೆಗಳ ಕೆಳಗೆ ಕೂಡಿಕೊಳ್ಳುತ್ತದೆ. ಅದು ಬಹುತೇಕ ಇಂಗಾಲದ ಡೈಆಕ್ಸೈಡ್. ಉಸಿರು ಮುಗಿದ ಖಳ ಅಲ್ಲಿ ತಲೆಯೆತ್ತಿ ಗಾಳಿ ಸಿಕ್ಕಿತೆಂದು ಒಂದೆರಡು ಸಲ ಉಸಿರೆಳೆದರೆ ಪ್ರಜ್ಞೆ ತಪ್ಪುತ್ತದೆ. ಪಾಳು ಬಾವಿಗೆ ಇಳಿದವರು ಕುಸಿಯುವುದು ಇದೇ ಗಾಳಿಯಿಂದ. ನಾಯಕ ಅವನನ್ನು ಮುಟ್ಟಬೇಕಾಗಿಲ್ಲ. ಮೈಯಲ್ಲಿನ ಆಮ್ಲಜನಕ ಮುಗಿಯುವುದರೊಳಗೆ ಹೊಸ್ತಿಲಿನಿಂದಾಚೆಗೆ ಎಳೆದು ತರುವುದೋ ಬಿಡುವುದೋ ಅನ್ನುವುದಷ್ಟೇ ಅವನ ಮುಂದಿರುತ್ತದೆ. ಎಳೆದು ತರಬೇಕಾದರೆ ಬಾಗಿಲಿನಿಂದ ಹತ್ತು ಮೀಟರಿಗಿಂತ ಒಳಗೆ ಕಾಳಗ ಇಡಬೇಡಿ.